ಆಯಿಲ್ ಫಿಲ್ಟರ್: ತೊಳೆಯುವುದೋ, ಬದಲಿಸುವುದೋ?

ನಮ್ಮ ಭೇರ್ಯದಲ್ಲಿ ಎತ್ತ ನೋಡಿದರೂ ಸ್ಪ್ಲೆಂಡರ್. 100 ಸಿ.ಸಿ. ಸ್ಪ್ಲೆಂಡರ್‌ನಲ್ಲಿ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಒಳಗೊಂದು ತಂತಿ ಜಾಲರಿ, ಜೊತೆಗೆ ವೇಗವಾಗಿ ತಿರುಗುತ್ತಾ ಕೊಳೆಯನ್ನು ಅಂಚಿಗೆ ತಳ್ಳಿ ಹಿಡಿದಿಡುವ ಬಟ್ಟಲು. ಎರಡನ್ನೂ ತೊಳೆದು ಹಾಕಬಹುದು. ಬಲಬದಿಯ ಕವರ್ ಬಿಚ್ಚಬೇಕಾದ್ದರಿಂದ ಮೆಕ್ಯಾನಿಕ್‌ಗೆ ಬಿಡುವುದೇ ವಾಸಿ. (ಮೈಸೂರಿನಲ್ಲೇ ತಯಾರಾಗುತ್ತಿದ್ದ ಹಳೆಯ ಯೆಜ್ಡಿಗೆ ಈ ಚಿಂತೆಯೇ ಇರಲಿಲ್ಲ, ಟೂ-ಸ್ಟ್ರೋಕ್, ಆಯಿಲ್ ಪೆಟ್ರೋಲಿನ ಜೊತೆಗೇ ಉರಿದುಹೋಗುತ್ತಿತ್ತು.)

ಪಲ್ಸರ್, ಬುಲೆಟ್‌ಗಳದ್ದು ಕಾಗದದ ಫಿಲ್ಟರ್. ಕೆಲವು ಬೈಕ್‌ಗಳಿಗೆ ಅದರ ಬದಲು ತೊಳೆದು ಬಳಸುವ ಸ್ಟೀಲ್ ಫಿಲ್ಟರ್ ಸಿಗುತ್ತದೆ. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಕಾಗದದ್ದು ರಾಜಸ್ವ ವೆಚ್ಚ, ಸ್ಟೀಲಿನದು ಬಂಡವಾಳ ವೆಚ್ಚವಿದ್ದಂತೆ. ಕಾಗದದ್ದಕ್ಕೆ 100 ರೂಪಾಯಿ, ಸ್ಟೀಲಿನದಕ್ಕೆ 1,500 ಎಂದಿಟ್ಟುಕೊಳ್ಳಿ. 15 ಸಲ ಬದಲಿಸುವಷ್ಟು ಓಡಿಸಿದ ಮೇಲಷ್ಟೇ ಹಾಕಿದ ದುಡ್ಡು ಹುಟ್ಟುತ್ತದೆ. 5,000 ಕಿ.ಮೀ.ಗೊಮ್ಮೆ ಎಂದರೂ 75,000 ಕಿ.ಮೀ. ಅಷ್ಟರಲ್ಲಿ ಎಷ್ಟೋ ಜನ ಬೈಕನ್ನೇ ಮಾರಿರುತ್ತಾರೆ! ದಿನವೂ ದೂರ ಓಡಿಸುವವರಿಗೆ ಮಾತ್ರ ಸ್ಟೀಲು ಲಾಭ ಎಂಬುದು ನನ್ನ ಲೆಕ್ಕ.

ಆ 100 ರೂಪಾಯಿಯನ್ನೂ ಉಳಿಸಲು ಕೆಲವರು ಕಾಗದದ ಫಿಲ್ಟರನ್ನೇ ಪೆಟ್ರೋಲಿನಲ್ಲಿ ತೊಳೆದು ಹಾಕುತ್ತಾರೆ. ಇದು ಅಪಾಯ. ಮಡಿಕೆಗಳಲ್ಲಿ ಕೂತ ಲೋಹದ ಪುಡಿ ಪೂರ್ತಿ ಹೋಗುವುದಿಲ್ಲ, ಕಾಗದವೂ ಹರಿಯಬಹುದು. ಫಿಲ್ಟರ್ ಕಟ್ಟಿಕೊಂಡರೆ ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲ್ ಎಂಜಿನ್ ಒಳಗೆ ಹರಿಯುತ್ತದೆ, ಬೇರಿಂಗ್‌ಗಳು ಸವೆಯುತ್ತವೆ. ಎಂಜಿನ್ ಬಿಚ್ಚಿಸಿದರೆ ಖರ್ಚು ಸಾವಿರಗಳಲ್ಲಿ.

ಸ್ಟೀಲಿನದನ್ನು ಪ್ರತಿ ಆಯಿಲ್ ಬದಲಾವಣೆಗೂ ಸೀಮೆಎಣ್ಣೆಯಲ್ಲಿ, ಮೆತ್ತನೆಯ ಬ್ರಷ್‌ನಿಂದ ತೊಳೆದು ಪೂರ್ತಿ ಒಣಗಿಸಬೇಕು. ಬಳಿಕ ಬೆಳಕಿಗೆ ಹಿಡಿದು ನೋಡಿ. ಜಾಲರಿ ಎಲ್ಲಾದರೂ ಹರಿದಿದ್ದರೆ ಅದನ್ನು ಮತ್ತೆ ಹಾಕಬೇಡಿ. ತೊಳೆದ ಕೊಳೆಯನ್ನು ಚರಂಡಿಗೆ ಸುರಿಯದೆ, ಹಳೆ ಆಯಿಲ್ ಜೊತೆ ಗ್ಯಾರೇಜಿಗೆ ಕೊಡಿ.