ಗಡ್ಡದ ಗೆರೆ: ಚೂಪಾಗಿರಲೋ, ಕರಗಿದ ಹಾಗಿರಲೋ?



ಪಾರ್ಲರ್ ತರಬೇತಿ ಎಂದರೆ ಹುಬ್ಬು, ಫೇಶಿಯಲ್, ಮದುವೆ ಹೆಣ್ಣಿನ ಅಲಂಕಾರ ಎಂದೇ ನಮಗೆಲ್ಲ ರೂಢಿ. ಗಂಡಸರ ಗಡ್ಡದ ಮಾತೆತ್ತಿದರೆ ಸಭೆಯಲ್ಲಿ ಎಲ್ಲರಿಗೂ ನಗು. ಬೆಳಗಾವಿ ಗಡಿಯಾಚೆ, ಕೊಲ್ಲಾಪುರ ಜಿಲ್ಲೆಯ ಶಾಂತಾಬಾಯಿ ಯಾದವ್ ಅವರನ್ನೂ ಊರವರು ಹೀಗೇ ಆಡಿಕೊಂಡರು. 1984ರಲ್ಲಿ ಗಂಡ ತೀರಿಕೊಂಡಾಗ ನಾಲ್ಕು ಹೆಣ್ಣುಮಕ್ಕಳನ್ನು ಸಾಕಲು ಅವರು ಗಂಡನ ಕತ್ತಿ, ಕತ್ತರಿಯನ್ನೇ ಕೈಗೆತ್ತಿಕೊಂಡರು. ಕೆಲಸ ಬಿಡಲಿಲ್ಲ. ಇನ್ನು ಹಾಸಿಗೆ ಹಿಡಿದ ಮಾವನ ಗಡ್ಡ ತೆಗೆಯುವುದು ಮೈಸೂರಿನ ಎಷ್ಟೋ ಮನೆಗಳಲ್ಲಿ ಸೊಸೆಯ ಕೆಲಸವೇ ಅಲ್ವಾ? ಹಾಗಾಗಿ ಈ ಪಾಠ.

ಗಡ್ಡದ ಅಂಚನ್ನು ಎರಡು ರೀತಿ ಮುಗಿಸಬಹುದು. ಒಂದು, ಕೆನ್ನೆ ಮತ್ತು ಕುತ್ತಿಗೆಯಲ್ಲಿ ಬ್ಲೇಡಿನಿಂದ ಎಳೆದ ಚೂಪು ಗೆರೆ. ಇನ್ನೊಂದು, ಕೂದಲು ಮೆಲ್ಲಗೆ ಕಡಿಮೆಯಾಗುತ್ತಾ ಚರ್ಮದಲ್ಲಿ ಕರಗಿ ಹೋಗುವುದು. ಅಂಗಡಿಗಳಲ್ಲಿ ಇದಕ್ಕೆ ಫೇಡ್ ಅಂತಾರೆ.

ಯಾವುದು ಯಾರಿಗೆ? ಮೊದಲು ಗಡ್ಡವನ್ನು ಕೈಯಿಂದ ಮುಟ್ಟಿ ನೋಡಿ. ದಟ್ಟವಾಗಿ, ಕಪ್ಪಾಗಿ ಬೆಳೆದಿದ್ದರೆ ಚೂಪು ಗೆರೆ ಚೆನ್ನಾಗಿ ಕಾಣುತ್ತದೆ. ಅಲ್ಲಲ್ಲಿ ಖಾಲಿ ಇದ್ದರೆ ಗೆರೆ ಎಳೆದಷ್ಟೂ ಆ ಖಾಲಿ ಎದ್ದು ಕಾಣುತ್ತದೆ, ಅಂಥವರಿಗೆ ಕರಗಿಸಿದ ಅಂಚೇ ಸರಿ. ನರೆತ ಗಡ್ಡಕ್ಕೂ ಅದೇ ಒಪ್ಪುತ್ತದೆ. ಗುಂಗುರು ಕೂದಲಿನವರಿಗೆ ಬ್ಲೇಡ್ ಹಾಕಿದರೆ ಕೂದಲು ಒಳಕ್ಕೇ ಬೆಳೆದು ಗುಳ್ಳೆ ಏಳಬಹುದು, ಎಚ್ಚರ.

ಮನುಷ್ಯನ ಕೆಲಸವನ್ನೂ ಕೇಳಿ. ಚೂಪು ಗೆರೆ ಎರಡು ಮೂರು ದಿನಕ್ಕೇ ಕೆಡುತ್ತದೆ. ಗಾರೆ ಕೆಲಸಕ್ಕೆ ಹೋಗುವವರು ಮೂರು ದಿನಕ್ಕೊಮ್ಮೆ ದುಡ್ಡು ಕೊಟ್ಟು ಕೂರಲು ಆಗುತ್ತದೆಯೇ? ಕರಗಿಸಿದ್ದು ಬೆಳೆದರೂ ವಾರದ ಮೇಲೂ ಅಸಹ್ಯ ಕಾಣುವುದಿಲ್ಲ. ಗೆರೆ ತೀಡಿದರೇನೇ ಕೆಲಸ ಬಲ್ಲವರು ಅಂತ ಕೆಲವರ ನಂಬಿಕೆ. ನಮಗೆ ಹಾಗನಿಸುವುದಿಲ್ಲ, ಕರಗಿಸುವುದೇ ಹೆಚ್ಚು ಕಷ್ಟದ ಕೆಲಸ.

ಕುತ್ತಿಗೆಯ ಗೆರೆ ಎಲ್ಲಿ ಬರಬೇಕು? ನುಂಗುವಾಗ ಮೇಲೆ ಕೆಳಗೆ ಆಡುವ ಗಂಟಲಿನ ಗಂಟಿನ ಮೇಲೆ ಎರಡು ಬೆರಳು ಇಡಿ. ಅಲ್ಲಿಂದ ಕಿವಿಯ ಹಿಂದಕ್ಕೆ ಬಾಗಿದ ಗೆರೆ. ನಮ್ಮಲ್ಲೇ ಒಬ್ಬರು ತಮ್ಮನ ಮದುವೆಯ ಹಿಂದಿನ ದಿನ ಯಜಮಾನರ ಗೆರೆಯನ್ನು ದವಡೆ ಮೂಳೆಯವರೆಗೂ ಏರಿಸಿಬಿಟ್ಟರು. ಒಂದು ಕಡೆ ಹೆಚ್ಚಾಯಿತು ಅಂತ ಇನ್ನೊಂದು ಕಡೆ, ಮತ್ತೆ ಈ ಕಡೆ. ಕೊನೆಗೆ ಪೂರ್ತಿ ಬೋಳಿಸಬೇಕಾಯಿತು. ಫೋಟೋದಲ್ಲಿ ಅವರನ್ನು ಯಾರೂ ಗುರುತೇ ಹಿಡಿಯಲಿಲ್ಲ!

ಕರಗಿಸುವ ಕ್ರಮ ಹೀಗೆ: ಗಡ್ಡ ತೊಳೆದು, ಒಣಗಿಸಿ, ಬಾಚಿ. ಮೊದಲು 3ನೇ ನಂಬರ್ ಗಾರ್ಡ್ ಹಾಕಿ ಎಲ್ಲ ಕಡೆ ಆಡಿಸಿ, ಅದು ಸುಮಾರು 10 ಮಿ.ಮೀ. ಬಿಡುತ್ತದೆ. ಕುತ್ತಿಗೆ ಗೆರೆಯಿಂದ ಒಂದು ಬೆರಳಗಲ 1ನೇ ನಂಬರ್ (3 ಮಿ.ಮೀ.), ಅದರ ಮೇಲೆ ಇನ್ನೊಂದು ಬೆರಳಗಲ 2ನೇ ನಂಬರ್ (6 ಮಿ.ಮೀ.). ಎರಡೂ ಸೇರುವ ಜಾಗದಲ್ಲಿ ಮಿಷನ್ನನ್ನು ಒತ್ತಬೇಡಿ, ಮಣಿಕಟ್ಟು ತಿರುಗಿಸಿ ಹೊರಕ್ಕೆ ಎತ್ತಿ. ಅನುಮಾನ ಬಂದರೆ ದೊಡ್ಡ ನಂಬರನ್ನೇ ಹಾಕಿ.

ಚೂಪು ಗೆರೆಗೆ ಬ್ಲೇಡ್ ಬೇಕೇ ಬೇಕು. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಹಾಕಲೇಬಾರದು, ಅಪ್ಪ ಮಗನಾದರೂ ಸರಿ. ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ಪಟಿಕ ಉಜ್ಜಿದರೆ ರಕ್ತ ನಿಲ್ಲುತ್ತದೆ, ಬ್ಲೇಡ್ ಶುದ್ಧವಾಗುವುದಿಲ್ಲ. ಒಂದೇ ಪಟಿಕದ ತುಂಡನ್ನು ಎಲ್ಲರ ಗಾಯಕ್ಕೂ ಉಜ್ಜುವುದಂತೂ ಬೇಡವೇ ಬೇಡ.