ಎಚ್ಚರಿಕೆ ಚಿತ್ರದ ಮೇಲೆ ಕನ್ನಡ ಬರೆಯುವವರಿಗೆ

ಜಪಾನಿನ ಭೂಕಂಪ, ಸುನಾಮಿ, ಮಳೆ ಎಚ್ಚರಿಕೆಯ ಚಿತ್ರಗಳಿಗೆ ಕನ್ನಡ ಸೇರಿಸಿ ಅಲ್ಲಿನ ಕನ್ನಡ ಕುಟುಂಬಗಳ ವಾಟ್ಸಾಪ್ ಗುಂಪುಗಳಿಗೆ ಕಳಿಸುವವರು ಮೊದಲು ಇದನ್ನು ಓದಿ. ನಿಮ್ಮ ಸಾಲನ್ನು ನಂಬಿ ಒಬ್ಬರು ಮನೆ ಬಿಡುತ್ತಾರೆ, ಇನ್ನೊಬ್ಬರು ಮನೆಯಲ್ಲೇ ಉಳಿಯುತ್ತಾರೆ. ಸಾಲು ತಪ್ಪಾದರೆ ಜನ ಸಾಯುತ್ತಾರೆ.

ಮಾಡಬೇಕಾದ್ದು

ಮೂಲ ಚಿತ್ರವನ್ನು ಜಪಾನ್ ಹವಾಮಾನ ಸಂಸ್ಥೆ ಅಥವಾ ನಿಮ್ಮ ನಗರಾಡಳಿತದಿಂದಲೇ ತೆಗೆದುಕೊಳ್ಳಿ.

ಎಲ್ಲಿಂದ ತೆಗೆದುಕೊಂಡಿರೋ ಆ ಹೆಸರನ್ನು ಚಿತ್ರದ ಮೇಲೇ ಬರೆಯಿರಿ.

ಎಚ್ಚರಿಕೆ ಹೊರಟ ದಿನಾಂಕ, ಗಂಟೆ, ನಿಮಿಷ ಹಾಕಿ, ಪಕ್ಕದಲ್ಲಿ 'ಜಪಾನ್ ಸಮಯ' ಎಂದು ನಮೂದಿಸಿ. ಭಾರತದ ಗಡಿಯಾರ ಮೂರೂವರೆ ಗಂಟೆ ಹಿಂದಿದೆ. 2024ರ ಜನವರಿ 1ರಂದು ಜಪಾನಿನ ನೋಟೊ ಪರ್ಯಾಯದ್ವೀಪದಲ್ಲಿ ನೆಲ ನಡುಗಿದ್ದು 16:10ಕ್ಕೆ. ಬೆಂಗಳೂರಿನಲ್ಲಿ ಆಗ 12:40.

ಏನು ಮಾಡಬೇಕೆಂಬುದನ್ನು ಕನ್ನಡ ಸಾಲುಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ ಬರೆಯಿರಿ: 'ಈಗಲೇ ಎತ್ತರಕ್ಕೆ ಓಡಿ'. ನೋಟೊ ನಡುಗಿದ ದಿನ ಜಪಾನಿನ ಟಿವಿ ವಾಹಿನಿ ಎನ್‌ಎಚ್‌ಕೆ ಪರದೆ ತುಂಬ ಮಕ್ಕಳೂ ಓದಬಲ್ಲ ಹಿರಾಗಾನ ಲಿಪಿಯಲ್ಲಿ 'ಸುನಾಮಿ! ಓಡಿ!' ಎಂದಿತ್ತು. ನಮಗೂ ಅಷ್ಟು ಸಾಕು.

ಮಳೆ, ಪ್ರವಾಹದ ಹಂತದ ಸಂಖ್ಯೆಯನ್ನು ಇದ್ದ ಹಾಗೇ ಉಳಿಸಿ. 3 ಅಂದರೆ ವೃದ್ಧರು, ಬೇಗ ನಡೆಯಲಾರದವರು ಹೊರಡಬೇಕು. 4 ಅಂದರೆ ಅಪಾಯದ ಜಾಗದಲ್ಲಿರುವ ಎಲ್ಲರೂ ಹೊರಡಬೇಕು. 5 ಅಂದರೆ ಹೊರಡುವ ಹೊತ್ತು ಮೀರಿದೆ, ಇದ್ದಲ್ಲೇ ಜೀವ ಉಳಿಸಿಕೊಳ್ಳಬೇಕು.

ಜಾಗದ ಹೆಸರನ್ನು ಕನ್ನಡದ ಜೊತೆಗೆ ಜಪಾನಿ ಲಿಪಿಯಲ್ಲೂ ಇಡಿ. ಬೀದಿಯ ಫಲಕದಲ್ಲಿ ಕನ್ನಡ ಇರುವುದಿಲ್ಲ.

ಕ್ಯಾನ್ವಾಸನ್ನು ಕೆಳಗೆ ಹಿಗ್ಗಿಸಿ, ಆ ಖಾಲಿ ಪಟ್ಟಿಯಲ್ಲಿ ಕನ್ನಡ ಬರೆಯಿರಿ.

ಯೂನಿಕೋಡ್ ಫಾಂಟ್ ಬಳಸಿ.

ಒತ್ತಕ್ಷರ, ಅರ್ಕಾವೊತ್ತು ಒಡೆದರೆ ಫೋಟೋಶಾಪಿನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಇದ್ದರೆ ಅದನ್ನು ಹಾಕಿ. ಆಗಲೂ ಸರಿಹೋಗದಿದ್ದರೆ ಗಿಂಪ್‌ನಲ್ಲಿ ಬರೆಯಿರಿ.

ಲೇಯರ್ ಇರುವ ಫೈಲನ್ನು ಉಳಿಸಿಕೊಳ್ಳಿ, ಕಳಿಸುವುದನ್ನು ಪಿಎನ್‌ಜಿ ಮಾಡಿ.

ಎಚ್ಚರಿಕೆ ಬದಲಾದಾಗಲೆಲ್ಲ ಹೊಸ ಚಿತ್ರ ಕಳಿಸಿ. ನೋಟೊದ ಮಹಾ ಸುನಾಮಿ ಎಚ್ಚರಿಕೆ ಅದೇ ರಾತ್ರಿ 20:30ಕ್ಕೆ ಒಂದು ಮೆಟ್ಟಿಲು ಇಳಿಯಿತು, ನಡುರಾತ್ರಿ ದಾಟಿದ ಮೇಲೆ ಇನ್ನೊಂದು. ಮರುದಿನ ಬೆಳಿಗ್ಗೆ 10ಕ್ಕೆ ಪೂರ್ತಿ ತೆರವಾಯಿತು.

ಮಾಡಬಾರದ್ದು

ಹಳೆಯ ಚಿತ್ರಕ್ಕೆ ಹೊಸ ತಾರೀಖು ಬೇಡ. 2011ರ ಸುನಾಮಿ ದೃಶ್ಯಗಳು 2024ರಲ್ಲಿ ನೋಟೊದ ಹೆಸರು ಹೊತ್ತು ಓಡಾಡಿದವು.

ಎಐ ಚಿತ್ರ ಬೇಡ. 2022ರ ಸೆಪ್ಟೆಂಬರಿನಲ್ಲಿ ಶಿಜುವೊಕಾ ಪ್ರವಾಹದ ಡ್ರೋನ್ ಚಿತ್ರವೆಂದು ಹರಡಿದ್ದು ಕಂಪ್ಯೂಟರ್ ಹುಟ್ಟಿಸಿದ ಸುಳ್ಳು.

ತಮಾಷೆಗೂ ಸುಳ್ಳು ಸಾಲು ಬರೆಯಬಾರದು. 2016ರ ಏಪ್ರಿಲ್‌ನಲ್ಲಿ ಕುಮಾಮೊಟೊ ಕಂಪಿಸಿದಾಗ ಒಬ್ಬಾತ ದಕ್ಷಿಣ ಆಫ್ರಿಕದ ಸಿಂಹದ ಫೋಟೋಗೆ 'ಮೃಗಾಲಯದಿಂದ ತಪ್ಪಿಸಿಕೊಂಡಿದೆ' ಎಂಬ ಮಾತು ಜೋಡಿಸಿ ಹರಿಬಿಟ್ಟ. ಮೃಗಾಲಯಕ್ಕೆ ನೂರಕ್ಕೂ ಹೆಚ್ಚು ಕರೆ ಬಂದವು, ಜುಲೈನಲ್ಲಿ ಪೊಲೀಸರು ಅವನನ್ನು ಬಂಧಿಸಿದರು. ಸುಳ್ಳು ಹೇಳಿ ಕೆಲಸಕ್ಕೆ ಅಡ್ಡಿ ಮಾಡಿದರೆ ಜಪಾನಿನಲ್ಲಿ ಮೂರು ವರ್ಷದವರೆಗೆ ಸೆರೆ, ಇಲ್ಲವೇ 5 ಲಕ್ಷ ಯೆನ್‌ವರೆಗೆ ದಂಡ.

ನಕ್ಷೆಯ ಬಣ್ಣ ಬದಲಿಸಬಾರದು. ನೇರಳೆ ಮಹಾ ಸುನಾಮಿ ಎಚ್ಚರಿಕೆ, 3 ಮೀಟರ್ ಮೀರಿದ ಅಲೆ. ಕೆಂಪು ಅದಕ್ಕಿಂತ ಕೆಳಗೆ. ಹಳದಿ ಇನ್ನೂ ಕೆಳಗೆ. ಕೆಂಪೇ ಕಡೆಯ ಅಪಾಯ ಎಂಬ ನಮ್ಮ ರೂಢಿ ಅಲ್ಲಿ ನಡೆಯದು.

ಶಿಂದೊ ಅಂಕಿಯ ಮುಂದೆ 'ರಿಕ್ಟರ್' ಬೇಡ. ನಮ್ಮ ಟಿವಿಗಳಿಗೆ ಎಲ್ಲ ಅಂಕಿಯೂ ರಿಕ್ಟರ್. ಶಿಂದೊ ಹೇಳುವುದು ಒಂದೊಂದು ಜಾಗ ಎಷ್ಟು ಅಲುಗಿತೆಂದು, 7ಕ್ಕೆ ಮುಗಿಯುತ್ತದೆ. ನೋಟೊ ಭೂಕಂಪದ ಮ್ಯಾಗ್ನಿಟ್ಯೂಡ್ 7.6, ಅತಿ ಹೆಚ್ಚಿನ ಶಿಂದೊ 7.

'5ನೇ ಹಂತ ಬರಲಿ, ನೋಡೋಣ' ಎಂಬ ಅರ್ಥ ಕೊಡುವ ಸಾಲು ಬೇಡ.

ಯಂತ್ರಾನುವಾದವನ್ನು ಹಾಗೇ ಅಂಟಿಸುವುದು ಬೇಡ.

ಅಲಂಕಾರದ ಫಾಂಟ್, ಇಮೋಜಿ, ದೇವರ ಚಿತ್ರ ಬೇಡ.

ನಿಮ್ಮ ಹೆಸರು, ಲೋಗೊ ಬೇಡ. ಇದು ಸಂಘದ ಯುಗಾದಿ ಪೋಸ್ಟರ್ ಅಲ್ಲ.

ಯಾರದೋ ರಕ್ಷಣಾ ಕೋರಿಕೆಯನ್ನು ವಿಳಾಸ ಸಮೇತ ಚಿತ್ರ ಮಾಡಿ ಹಂಚಬಾರದು. ಅವರು 119ಕ್ಕೆ ಕರೆ ಮಾಡಲಿ.

ಸುನಾಮಿ ಎಚ್ಚರಿಕೆ ನೀವಿರುವ ಜಾಗಕ್ಕೇ ಬಂದಿದ್ದರೆ ಲ್ಯಾಪ್‌ಟಾಪ್ ತೆರೆಯಬಾರದು. ಓಡಿ. ಚಿತ್ರವನ್ನು ಬೇರೆ ಊರಿನಲ್ಲಿರುವವರು ಮಾಡಲಿ.