ನೆರೆ ಇಳಿದ ಮೇಲೆ ಗೋಡೆಗೆ ಏನು ಮಾಡಬೇಕು?

ಸೆಪ್ಟೆಂಬರಿನಲ್ಲಿ ಒಂದು ದಿನ ಲ್ಯಾಬ್ ಮುಗಿದ ಮೇಲೆ ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಕೇಳಿದಳು: “ಸರ್, ಹಳ್ಳದ ನೀರು ಒಳಗೆ ಬಂದು ಹೋದ ಮೇಲೆ ಗೋಡೆಗೆ ಸಿಮೆಂಟ್ ಹಾಕಿಸಿದ್ವಿ. ಈಗ ಅದು ಹಪ್ಪಳದ ಹಾಗೆ ಏಳ್ತಾ ಇದೆ. ಮೇಸ್ತ್ರಿ ಮತ್ತೆ ಹಾಕಿಸಿ ಅಂತಾರೆ. ಅಮ್ಮಿ ಸಂಘದಲ್ಲಿ ಸಾಲ ಕೇಳಿದ್ದಾರೆ. ಹಾಕಿಸಬೇಕಾ?”

ನೀರು ಇಳಿದ ಹನ್ನೆರಡನೇ ದಿನಕ್ಕೆ ಸಿಮೆಂಟ್ ಹಾಕಿಸಿದ್ದರಂತೆ. ಸದ್ಯಕ್ಕೆ ಸಾಲ ಬೇಡ ಎಂದು ಹೇಳಿ, ಭಾನುವಾರ ಹೋಗಿ ಗೋಡೆ ನೋಡಿದೆ.

ನಮ್ಮ ಮೂರೂ ತಾಲೂಕುಗಳಲ್ಲಿ ಇದು ಒಂದು ಮನೆಯ ಕಥೆಯಲ್ಲ. 2019ರ ಆಗಸ್ಟ್‌ನಲ್ಲಿ ಬನವಾಸಿ ಭಾಗದಲ್ಲಿ ವರದಾ ನದಿ ಉಕ್ಕಿದ್ದು, 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದದ್ದು ನಿಮಗೆ ನೆನಪಿರಬಹುದು. ಹಳೆಯ ಮನೆಗಳ ಗೋಡೆ ಹೆಚ್ಚಾಗಿ ಮಣ್ಣಿನದು, ಇಲ್ಲವೇ ಚಿರೆಕಲ್ಲಿನದು. ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಲ್ಯಾಟಿನ್‌ನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಅವನ ಪ್ರವಾಸದ ಪುಸ್ತಕ ಅಚ್ಚಾದದ್ದು 1807ರಲ್ಲಿ. ಕನ್ನಡದ ‘ಜಂಬಿಟ್ಟಿಗೆ’ಯಲ್ಲೂ ಇಟ್ಟಿಗೆ ಇದೆ ಎಂಬುದನ್ನು ಗಮನಿಸಿ.

ಚಿರೆಕಲ್ಲಿನ ತುಂಬ ಸಣ್ಣ ಸಣ್ಣ ರಂಧ್ರಗಳು. ಇಲ್ಲಿ ನಿಮ್ಮ ಭೌತಶಾಸ್ತ್ರದ ಕೇಶನಾಳದ ಪಾಠ ತೆರೆಯಿರಿ. ನಳಿಕೆಯ ತ್ರಿಜ್ಯ 0.1 ಮಿ.ಮೀ. ಇದ್ದರೆ ನೀರು ಸುಮಾರು 15 ಸೆಂ.ಮೀ. ಏರುತ್ತದೆ, 0.01 ಮಿ.ಮೀ. ಇದ್ದರೆ ಲೆಕ್ಕದ ಪ್ರಕಾರ ಒಂದೂವರೆ ಮೀಟರ್. (ಮೇಲ್ಮೈ ಎಳೆತ 0.072 ಎಂದು ತೆಗೆದುಕೊಂಡು ನೀವೇ ಲೆಕ್ಕ ಮಾಡಿ ನೋಡಿ.) ನಿಜವಾದ ಗೋಡೆಯಲ್ಲಿ ಅಷ್ಟು ಏರದಿರಬಹುದು. ಆದರೆ ನೀರು ಎರಡು ಅಡಿ ನಿಂತಿತ್ತು ಎಂದ ಮಾತ್ರಕ್ಕೆ ತೇವವೂ ಎರಡೇ ಅಡಿಗೆ ನಿಲ್ಲುವುದಿಲ್ಲ. ಮಸೀದಿಯಲ್ಲಿ ವುಝೂ ಮಾಡುವ ಕಟ್ಟೆಯ ಹಿಂದಿನ ಗೋಡೆಯನ್ನು ನೋಡಿದವರಿಗೆ ಇದು ಗೊತ್ತೇ ಇರುತ್ತದೆ.

ಒಳಗೆ ಸೇರಿದ ನೀರು ಹೊರಗೆ ಬರಬೇಕಾದರೆ ಆವಿಯಾಗಿಯೇ ಬರಬೇಕು. ಅದರ ಮೇಲೆ ಗಟ್ಟಿ ಸಿಮೆಂಟ್, ಪುಟ್ಟಿ, ಆಯಿಲ್ ಪೇಂಟ್ ಬಳಿದರೆ ದಾರಿ ಮುಚ್ಚಿದಂತೆ. ನೀರಿನ ಜೊತೆ ಬಂದ ಲವಣ ಸಿಮೆಂಟಿನ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ತಳ್ಳುತ್ತದೆ. ಆ ಮನೆಯಲ್ಲಿ ಆದದ್ದು ಇದೇ. ಮೇಸ್ತ್ರಿಯ ಕೈಯಲ್ಲಿ ದೋಷವಿರಲಿಲ್ಲ, ಅವಸರದಲ್ಲಿತ್ತು.

ಹಾಗಾದರೆ ಎಷ್ಟು ದಿನ ಕಾಯಬೇಕು? ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಹಳೆಯ ಅಂದಾಜು. ನಮ್ಮ ಮಳೆಗಾಲದ ಗಾಳಿಯಲ್ಲೇ ನೀರು ತುಂಬಿರುವುದರಿಂದ ಅಕ್ಟೋಬರ್ ತನಕ ಗೋಡೆ ಒಣಗುವುದೇ ಕಷ್ಟ. ಆಗಸ್ಟ್‌ನಲ್ಲಿ ನೆನೆದ ಗೋಡೆಗೆ ಜನವರಿ–ಫೆಬ್ರವರಿಯಲ್ಲಿ ಕೈ ಹಾಕುವುದು ಒಳ್ಳೆಯದು. ಪರೀಕ್ಷೆ ಸುಲಭ: ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿದಾಗ ಒಳಗೆ ಹನಿ ಕಟ್ಟಿದ್ದರೆ ಇನ್ನೂ ಕಾಯಿರಿ.

ಕಾಯುವಾಗ ಸುಮ್ಮನೆ ಕೂರಬೇಕಿಲ್ಲ. ಎದ್ದ ಸಿಮೆಂಟನ್ನು ತೇವದ ಗೆರೆಗಿಂತ ಒಂದು ಅಡಿ ಮೇಲಿನವರೆಗೆ ಕೆತ್ತಿ ತೆಗೆಯಿರಿ. ಕಪಾಟು, ಮಂಚವನ್ನು ಗೋಡೆಯಿಂದ ದೂರ ಸರಿಸಿ, ಬಿಸಿಲಿದ್ದಾಗ ಕಿಟಕಿ ತೆರೆದಿಡಿ. ಬಿಳಿ ಹುಡಿ ಬಂದರೆ ಒಣ ಬ್ರಶ್‌ನಿಂದ ಉಜ್ಜಿ ಗುಡಿಸಿ. ತೊಳೆದರೆ ಲವಣ ಮತ್ತೆ ಒಳಗೆ ಹೋಗುತ್ತದೆ. ಬೂಷ್ಟಿಗೆ ಬ್ಲೀಚಿಂಗ್ ಪೌಡರ್ ಬಳಸುವವರು ಅದರ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಯಾವ ಕಾರಣಕ್ಕೂ ಬೆರೆಸಬೇಡಿ. ಕ್ಲೋರಿನ್ ಅನಿಲ ಹೊರಡುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯಬಲ್ಲದು.

ಒಣಗಿದ ಮೇಲೆ ಚಿರೆಕಲ್ಲಿಗೆ ಸುಣ್ಣದ ಗಾರೆಯೇ ವಾಸಿ: ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಆದರೂ ನೀರಾವಿಗೆ ದಾರಿ ಬಿಡುತ್ತದೆ. ಮಣ್ಣಿನ ಗೋಡೆ ಉಬ್ಬಿದ್ದರೆ, ವಾಲಿದ್ದರೆ ದುರಸ್ತಿಯ ಮಾತೇ ಬೇಡ. ಮೊದಲು ಮನೆಯಿಂದ ಹೊರಗೆ ಬನ್ನಿ.

ಪೇಟೆಯಲ್ಲಿ ಅಂಗಡಿ ಇರುವ ಮನೆಯ ಮಕ್ಕಳಿಗೊಂದು ಮಾತು. ಈಗ ಅಂಗಡಿಗಳಲ್ಲಿ ಜಿಪ್ಸಂ ಬೋರ್ಡಿನ ಗೋಡೆ ಬರುತ್ತಿದೆ. ಜಿಪ್ಸಂ ನೀರಿನಲ್ಲಿ ಲೀಟರಿಗೆ ಸುಮಾರು 2 ಗ್ರಾಂ ಕರಗುತ್ತದೆ, ಮೇಲಿನ ಕಾಗದವಂತೂ ಬೂಷ್ಟಿಗೆ ಊಟ. ಉಬ್ಬಿದ ಬೋರ್ಡನ್ನು ಒಣಗಿಸಿ ಪೇಂಟ್ ಹೊಡೆಯುವುದು ದುಡ್ಡು ದಂಡ. ನೀರಿನ ಗುರುತಿಗಿಂತ ಒಂದು ಅಡಿ ಮೇಲೆ ನೇರವಾಗಿ ಕತ್ತರಿಸಿ ತೆಗೆದು, ಒಳಗಿನ ಫ್ರೇಮ್ ಪೂರ್ತಿ ಒಣಗಿದ ಮೇಲೆ ಹೊಸ ತುಂಡು ಕೂರಿಸಿ. ಅದನ್ನು ನೆಲಕ್ಕೆ ತಾಗಿಸದೆ ಅರ್ಧ ಇಂಚು ಬಿಡಿ. ತಾಗಿದರೆ ನೆಲ ಒರೆಸಿದ ನೀರನ್ನೂ ಅದು ಹೀರುತ್ತದೆ. ಕತ್ತರಿಸುವ ಮೊದಲು ಮೇನ್ ಸ್ವಿಚ್ ಆಫ್ ಆಗಿರಲಿ.

ಆ ಹುಡುಗಿಯ ಮನೆಯಲ್ಲಿ ಜನವರಿ ಕೊನೆಗೆ ಸುಣ್ಣದ ಗಾರೆ ಹಾಕಿದರು. ಕೆಲಸ ಗೊತ್ತಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರನ್ನು ಹುಡುಕಲು ಮೂರು ವಾರ ಬೇಕಾಯಿತು. ಆದರೆ ಮೊದಲ ದಿನವೇ ಕೆಸರು ತೊಳೆದುಬಿಟ್ಟಿದ್ದರಿಂದ ಪರಿಹಾರದ ಅರ್ಜಿಗೆ ಅವರ ಬಳಿ ಒಂದು ಫೋಟೋ ಕೂಡ ಇರಲಿಲ್ಲ. ನಿಮ್ಮ ಮನೆಗೆ ನೀರು ಬಂದರೆ ಪೊರಕೆ ಹಿಡಿಯುವ ಮೊದಲು ಗೋಡೆಯ ಮೇಲಿನ ನೀರಿನ ಗುರುತು ಕಾಣುವ ಹಾಗೆ ಫೋಟೋ ತೆಗೆದಿಡಿ, ಗ್ರಾಮ ಆಡಳಿತಾಧಿಕಾರಿಗೆ ಹೇಳಿ ಪಂಚನಾಮೆ ಮಾಡಿಸಿ.